ಮನೆ ನಂಬರ್ ಹೇಳು

"ನಮ್ಮ ಮನೆ ನಂಬರ್ ಎಷ್ಟು, ಹೇಳು?" ದಡದಿಂದ ನನ್ನ ಗಂಡ ಕೂಗಿ ಕೇಳಿದರು. ನಾನು ಮಂಡ್ಯದ ತವರುಮನೆ ನಂಬರ್ ಹೇಳಿದೆ. ಚಳಿಗೆ ನನ್ನ ತಲೆ ಮಂಜಾಗಿದೆ ಅಂತ ಅವರಿಗೆ ಗೊತ್ತಾಯಿತು, ಇನ್ನೇನೂ ಕೇಳಲಿಲ್ಲ. "ಸಾಕು, ಮೇಲೆ ಬಾ" ಅಂದರು.

ಇದು ನಡೆದದ್ದು ಇಂಗ್ಲೆಂಡಿನ ಡೋವರ್ ಬಂದರಿನೊಳಗೆ, ಜೂನ್ ತಿಂಗಳಲ್ಲಿ. ನೀರು 14 ಡಿಗ್ರಿ. ಇಂಗ್ಲೆಂಡ್, ಫ್ರಾನ್ಸ್ ನಡುವಿನ ಸಮುದ್ರವಾದ ಇಂಗ್ಲಿಷ್ ಚಾನೆಲ್ ಒಬ್ಬರೇ ಈಜಬೇಕೆಂದರೆ ಮೊದಲು 16 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿನ ನೀರಲ್ಲಿ 6 ಗಂಟೆ ಈಜಿ ತೋರಿಸಬೇಕು. ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರ್ ಉಡುಪು) ಹಾಕುವಂತಿಲ್ಲ. ಮಾಮೂಲಿ ಈಜುಡುಗೆ, ಟೋಪಿ, ಗಾಗಲ್ಸ್, ಅಷ್ಟೇ. ನಾನು 3 ಗಂಟೆ 40 ನಿಮಿಷಕ್ಕೇ ಮೇಲೆ ಬಂದೆ. ಬಂದೆ ಅನ್ನೋದು ಸುಳ್ಳು, ಎಳೆದು ತಂದರು.

ಗಂಡನ ಮೇಲೆ ಎರಡು ದಿನ ಸಿಟ್ಟು ಮಾಡಿಕೊಂಡಿದ್ದೆ. ಆಮೇಲೆ ಈಜುಗಾರ್ತಿ ಆರತಿ ಸಾಹಾ ನೆನಪಾದರು.

ಆರತಿ ಕೋಲ್ಕತ್ತಾದವರು. ಎರಡೂವರೆ ವರ್ಷಕ್ಕೇ ತಾಯಿ ಹೋದರು, ಸಾಕಿದ್ದು ಅಜ್ಜಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದಾಗ 12 ಕೂಡ ತುಂಬಿರಲಿಲ್ಲ. ಚಾನೆಲ್‌ಗೆ ತಯಾರಿ ಮಾಡಿದ್ದು ದೇಶಬಂಧು ಪಾರ್ಕಿನ ಕೊಳದಲ್ಲಿ. ಮೊದಲು ಒಂದೇ ಸಮನೆ 8 ಗಂಟೆ, ಆಮೇಲೆ 16 ಗಂಟೆ. ಕೊಳದಲ್ಲಿ! ನನ್ನ ಸೋದರಮಾವ ಸೊಂಟಕ್ಕೆ ಬೆಂಡು ಕಟ್ಟಿ ತೋಟದ ಬಾವಿಗೆ ನೂಕಿ ಈಜು ಕಲಿಸಿದವರು. ಕೊಳದ ವಿಷಯ ಓದಿದಾಗ ಇವರು ನಮ್ಮ ಕಡೆಯವರೇ ಅನ್ನಿಸಿತ್ತು.

1959ರ ಆಗಸ್ಟ್ 27ರಂದು ಅವರು ಫ್ರಾನ್ಸಿನ ಕೇಪ್ ಗ್ರಿ ನೇಯಿಂದ ಹೊರಡಬೇಕಿತ್ತು. ದಾರಿ ತೋರಿಸುವ ದೋಣಿ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹೊರಟಾಗ 40 ನಿಮಿಷ ತಡ. ಬರೀ 40 ನಿಮಿಷ ಅಲ್ವಾ ಅನ್ನಬೇಡಿ. ಚಾನೆಲ್‌ನಲ್ಲಿ ಸುಮಾರು ಆರು ಗಂಟೆಗೊಮ್ಮೆ ಸೆಳೆತ ದಿಕ್ಕು ಬದಲಿಸುತ್ತದೆ. ಇಂಗ್ಲೆಂಡ್ ದಡ ಇನ್ನು 5 ಮೈಲಿ ಇರುವಾಗ ಅವರಿಗೆ ಎದುರು ಸೆಳೆತ ಸಿಕ್ಕಿತು. ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಕೈ ಬೀಸಿದರೂ ಮುಂದೆ ಹೋದದ್ದು ಎರಡೇ ಮೈಲಿ. ಅವರಿಗೆ ನಿಲ್ಲಿಸುವ ಮನಸ್ಸಿರಲಿಲ್ಲ. ದೋಣಿಯ ಪೈಲಟ್ ಒತ್ತಾಯ ಮಾಡಿ ನಿಲ್ಲಿಸಿದರು.

ಸೆಪ್ಟೆಂಬರ್ 29ಕ್ಕೆ ಮತ್ತೆ ಅಲ್ಲಿಂದಲೇ ಇಳಿದರು. 16 ಗಂಟೆ 20 ನಿಮಿಷ ಈಜಿ ಸ್ಯಾಂಡ್‌ಗೇಟ್ ದಡ ಹತ್ತಿದರು. ಚಾನೆಲ್ ದಾಟಿದ ಏಷ್ಯಾದ ಮೊದಲ ಹೆಂಗಸು. 19 ತುಂಬಿ ಐದು ದಿನ ಆಗಿತ್ತು. ಎಲ್ಲರೂ ಆ 16 ಗಂಟೆಯ ಬಗ್ಗೆ, ಮರುವರ್ಷದ ಪದ್ಮಶ್ರೀ ಬಗ್ಗೆ ಬರೆಯುತ್ತಾರೆ. ನನ್ನ ತಲೆಯಲ್ಲಿ ಕೂತದ್ದು ನಡುವಿನ ಆ 33 ದಿನ.

ನಾನು ಐದು ವಾರ ತೆಗೆದುಕೊಂಡೆ. ಪೂಲ್‌ಗೆ ಹೋಗುವುದು ಬಿಟ್ಟೆ. ಬೆಚ್ಚಗಿನ ನೀರಲ್ಲಿ ಎಷ್ಟು ಈಜಿದರೂ ಮೈ ಚಳಿ ಕಲಿಯುವುದಿಲ್ಲ. ಶನಿವಾರ, ಭಾನುವಾರ ಎರಡೂ ದಿನ ಡೋವರ್. ಶನಿವಾರದ ಸುಸ್ತು ಇರುವಾಗಲೇ ಭಾನುವಾರ ಇಳಿಯಬೇಕು, ಅದೇ ಅಭ್ಯಾಸ. ತುಪ್ಪ, ಬೆಲ್ಲ, ಕಡಲೆಕಾಯಿ ತಿಂದು ಬೇಕೆಂದೇ ನಾಲ್ಕು ಕಿಲೋ ಏರಿಸಿದೆ. ಅಮ್ಮ ವೀಡಿಯೊ ಕಾಲ್‌ನಲ್ಲಿ ನೋಡಿ ಖುಷಿಪಟ್ಟಿದ್ದು ಇದೊಂದಕ್ಕೇ.

ನೀರಲ್ಲಿ ಏನು ಕುಡಿಯುವುದು ಅನ್ನೋದೇ ದೊಡ್ಡ ತಲೆನೋವು. ಜಂಬದಲ್ಲಿ ರಾಗಿ ಗಂಜಿ ಮಾಡಿಕೊಂಡು ಹೋದೆ. ಬಾಟಲಿ ಮೂತಿಗೆ ಕಟ್ಟಿಕೊಂಡು ಒಂದು ಹನಿ ಬರಲಿಲ್ಲ. ಕೊನೆಗೆ ಎಲ್ಲರಂತೆ ಮಾಲ್ಟೋಡೆಕ್ಸ್‌ಟ್ರಿನ್ ಅನ್ನೋ ಪಿಷ್ಟದ ಪುಡಿಯನ್ನೇ ಬಿಸಿನೀರಿಗೆ ಕಲಸಿದೆ. ಉಪ್ಪುನೀರಿಗೆ ನಾಲಿಗೆ ಊದಿ ಒರಟಾಗುತ್ತದೆ, ಅದಕ್ಕೆ ಡಬ್ಬಿಯ ಪೀಚ್ ಹೋಳು.

ಜುಲೈ ಕೊನೆಗೆ ಮತ್ತೆ ಇಳಿದೆ. ನೀರು ಹದಿನಾರಕ್ಕೆ ಸ್ವಲ್ಪ ಕಡಿಮೆ. ಗಡಿಯಾರ ಕಟ್ಟಲಿಲ್ಲ, ಬಾಟಲಿ ಮಾತ್ರ ಎಣಿಸಿದೆ. ನಾಲ್ಕನೇ ಗಂಟೆಗೆ ಕಿರುಬೆರಳು ಪಕ್ಕದ ಬೆರಳಿಂದ ದೂರ ಸರಿದು ನಿಂತಿತು. ಸೇರಿಸಲು ನೋಡಿದರೆ ಮಾತೇ ಕೇಳುತ್ತಿಲ್ಲ. ಕೈ ಎಳೆದಾಗೆಲ್ಲ ಜರಡಿಯಲ್ಲಿ ನೀರು ಎತ್ತಿದ ಹಾಗೆ ಆಗುತ್ತಿತ್ತು. ಹೋದ ಸಲ ಇಲ್ಲಿಗೇ ತಲೆ ಮಂಜಾಗಿತ್ತು. ಈ ಸಲ ಬೆರಳು ಹೋಯಿತು, ತಲೆ ಉಳಿಯಿತು.

ಐದನೇ ಗಂಟೆಗೆ ಗಂಡ ಮತ್ತೆ ಮನೆ ನಂಬರ್ ಕೇಳಿದರು. ಪೋಸ್ಟ್‌ಕೋಡ್ ಸಮೇತ ಹೇಳಿದೆ. "ಹಾಗಾದ್ರೆ ಹೋಗು" ಅಂದರು.

6 ಗಂಟೆ ಮುಗಿಸಿ ಬೆಣಚುಕಲ್ಲಿನ ದಡಕ್ಕೆ ತೆವಳಿದೆ. ನಿಜವಾದ ನಡುಕ ಶುರುವಾಗಿದ್ದು ಆಮೇಲೆ. ಮೇಲೆ ಬಂದ ಮೇಲೂ ಸ್ವಲ್ಪ ಹೊತ್ತು ಮೈಯೊಳಗಿನ ಕಾವು ಇಳಿಯುತ್ತಲೇ ಇರುತ್ತದೆ. ಅದಕ್ಕೇ ತಕ್ಷಣ ಬಿಸಿನೀರಿನ ಸ್ನಾನ ಮಾಡಬಾರದು. ಒದ್ದೆ ಬಟ್ಟೆ ಕಿತ್ತುಹಾಕಿ, ಒಣ ಬಟ್ಟೆ ಮೂರು ಪದರ, ಮೇಲೆ ಉಣ್ಣೆ ಟೋಪಿ. ಲೋಟದಲ್ಲಿದ್ದ ಅರ್ಧ ಚಹಾ ನನ್ನ ಕೋಟು ಕುಡಿಯಿತು.

ಮುಂದಿನ ಸೆಪ್ಟೆಂಬರಿಗೆ ದೋಣಿ ಬುಕ್ ಆಗಿದೆ. ಈಗ ಫ್ರಾನ್ಸ್ ಕಡೆಯಿಂದ ಹೊರಡಲು ಬಿಡುವುದಿಲ್ಲ. ಹಾಗಾಗಿ ಆರತಿ ಬಂದು ಮುಟ್ಟಿದ ಕಡೆಯಿಂದ ನಾನು ಹೊರಟು, ಅವರು ಹೊರಟ ಕಡೆ ಮುಟ್ಟಬೇಕು. ಗಾಳಿ ನೋಡಿಕೊಂಡು ಪೈಲಟ್ ಫೋನ್ ಮಾಡುತ್ತಾರಂತೆ, ರಾತ್ರಿ ಒಂದಾದರೂ ಸರಿ, ಮೂರಾದರೂ ಸರಿ. ಮನೆ ನಂಬರ್ ಬದಲು ಬೇರೆ ಪ್ರಶ್ನೆ ಯೋಚಿಸಿ ಇಟ್ಟಿದ್ದೇನೆ ಅಂತ ಗಂಡ ಹೇಳುತ್ತಿದ್ದಾರೆ. ಏನದು ಅಂತ ಬಾಯಿ ಬಿಡುತ್ತಿಲ್ಲ.