ಬ್ಯಾಂಕಾಕ್‌ನಲ್ಲಿ ಬೋಟ್ ಹತ್ತುವ ಮೊದಲು ಬಾವುಟ ನೋಡಿ

ಬ್ಯಾಂಕಾಕ್‌ಗೆ ಬರುವ ನಮ್ಮ ಕಡೆಯವರು ನನ್ನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ನದೀಲಿ ಒಂದು ರೌಂಡ್ ಹೋಗಬೇಕಲ್ಲ, ಟಿಕೆಟ್ ಎಲ್ಲಿ?" ಅವರು ಸುತ್ತಾಡಲು ಹತ್ತುವ ಬೋಟ್‌ನಲ್ಲೇ ನಾನು ಆಫೀಸಿಗೆ ಹೋಗಿಬರುವವಳು. ಮನೆ ಥೇವೇತ್ ಜೆಟ್ಟಿ ಹತ್ತಿರ, ಕೆಲಸ ಸಾಥೋರ್ನ್ ಕಡೆ. ಟಿಕೆಟ್ ವಿಷಯ ಆಮೇಲೆ. ಮೊದಲು ಬಾವುಟ ನೋಡಿ ಅನ್ನುತ್ತೇನೆ.

ಚಾವೋ ಫ್ರಾಯಾ ನದಿಯ ಎಕ್ಸ್‌ಪ್ರೆಸ್ ಬೋಟ್‌ಗಳನ್ನು ಗುರುತಿಸುವುದು ಬಾವುಟದ ಬಣ್ಣದಿಂದ. ಕಿತ್ತಳೆ ಬಾವುಟದ್ದು ದಿನಾ ಓಡುತ್ತದೆ. ಎಲ್ಲಿ ಹತ್ತಿ ಎಲ್ಲಿ ಇಳಿದರೂ ಒಂದೇ ದರ, ಇಪ್ಪತ್ತು ಬಾತ್ ನೋಟು ಕೊಟ್ಟರೆ ಚಿಲ್ಲರೆ ವಾಪಸ್ ಬರುತ್ತದೆ. ಹಳದಿ, ಹಸಿರು-ಹಳದಿ ಬಾವುಟದವು ಕೆಲಸದ ದಿನ ಬೆಳಿಗ್ಗೆ, ಸಂಜೆ ಮಾತ್ರ. ಇವು ಹಲವು ಜೆಟ್ಟಿಗಳಲ್ಲಿ ನಿಲ್ಲುವುದೇ ಇಲ್ಲ, ಬೇಗ ಮನೆ ಸೇರುವವರಿಗೆ ಒಳ್ಳೆಯದು. ನೀಲಿ ಬಾವುಟದ್ದು ಟೂರಿಸ್ಟ್ ಬೋಟ್. ಇಂಗ್ಲಿಷ್‌ನಲ್ಲಿ ವಿವರಣೆ ಇರುತ್ತದೆ, ದಿನದ ಪಾಸ್ ಸಿಗುತ್ತದೆ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ನೀಲಿಯೇ ಸರಿ. ಇಲ್ಲದಿದ್ದರೆ ಸುಮ್ನೆ ಜಾಸ್ತಿ ದುಡ್ಡು ಯಾಕೆ? ಆ ಪಾಸ್ ದುಡ್ಡಿಗೆ ಕಿತ್ತಳೆಯಲ್ಲಿ ಐದಾರು ಸಲವಾದರೂ ಓಡಾಡಬಹುದು.

ಶುರುಮಾಡುವುದು ಸಾಥೋರ್ನ್ ಜೆಟ್ಟಿಯಿಂದ. ಬಿಟಿಎಸ್ ರೈಲಿನಲ್ಲಿ ಸಫಾನ್ ತಾಕ್ಸಿನ್ ನಿಲ್ದಾಣಕ್ಕೆ ಬಂದು ಇಳಿದರೆ ಜೆಟ್ಟಿ ಕಾಲಬುಡದಲ್ಲೇ ಇದೆ. ಅಲ್ಲಿ ಟೂರಿಸ್ಟ್ ಬೋಟ್‌ಗೆ ಕರೆಯುವ ದನಿಗಳೇ ಜೋರು. ಕಿತ್ತಳೆ ಅಂತ ಬಾಯಿಬಿಟ್ಟು ಕೇಳಿ. ಸಾಥೋರ್ನ್‌ನಿಂದ ಉತ್ತರಕ್ಕೆ ಜೆಟ್ಟಿಗಳಿಗೆ ನಂಬರ್ ಇದೆ. ಚೈನಾಟೌನ್‌ಗೆ ಎನ್ 5 ರಾಚವಾಂಗ್, ವಾಟ್ ಪೋ ದೇವಾಲಯಕ್ಕೆ ಎನ್ 8 ತಾ ತಿಯನ್, ಅರಮನೆಗೆ ಎನ್ 9 ತಾ ಚಾಂಗ್, ಖಾವೋಸಾನ್ ರಸ್ತೆಗೆ ಎನ್ 13 ಫ್ರಾ ಆತಿತ್. ಥಾಯ್ ಹೆಸರು ನಾಲಿಗೆಗೆ ಬರದಿದ್ದರೂ ನಂಬರ್ ತೋರಿಸಿದರೆ ಸಾಕು. ನಮ್ಮವರ ಬಟ್ಟೆ ಅಂಗಡಿ, ಊಟ, ಗುರುದ್ವಾರ ಇರುವ ಫಾಹುರಾತ್‌ಗೆ ಎನ್ 6ರಲ್ಲಿ ಇಳಿದು ಸ್ವಲ್ಪ ನಡೆಯಬೇಕು.

ಯಾವ ಹೊತ್ತಿಗೆ ಹೋಗಬೇಕು ಅನ್ನುವುದು ಎಲ್ಲಕ್ಕಿಂತ ಮುಖ್ಯ. ಬೆಳಿಗ್ಗೆ ಉತ್ತರದ ನೊಂತಬುರಿ ಕಡೆಯಿಂದ ಸಾಥೋರ್ನ್‌ಗೆ ಬರುವ ಬೋಟ್‌ಗಳಲ್ಲಿ ನನ್ನಂಥವರದ್ದೇ ಜನಸಾಗರ. ಅದೇ ಹೊತ್ತಿಗೆ ಸಾಥೋರ್ನ್‌ನಿಂದ ಮೇಲಕ್ಕೆ ಹೋಗುವವರಿಗೆ ಅಷ್ಟು ನೂಕುನುಗ್ಗಲು ಇರುವುದಿಲ್ಲ. ಸಂಜೆ ಇದು ಉಲ್ಟಾ. ಹಾಗಾಗಿ ನೋಡಲು ಬಂದವರು ಬೆಳಿಗ್ಗೆಯೇ ಮೇಲಕ್ಕೆ ಹೋಗಿ, ಎಡಗಡೆ ಸೀಟ್ ಹಿಡಿಯಿರಿ. ಬಿಸಿಲು ಬಲಗಡೆಯವರಿಗೆ, ವಾಟ್ ಅರುಣ್ ದೇವಾಲಯ ನಿಮಗೆ. ಪೂರ್ವಕ್ಕೆ ಮುಖಮಾಡಿ ನಿಂತ ಆ ಗೋಪುರಕ್ಕೆ ಪಿಂಗಾಣಿ ಚೂರುಗಳನ್ನು ಕೂರಿಸಿದ್ದಾರೆ, ಅವು ಹೊಳೆಯುವುದು ಬೆಳಗಿನ ಬಿಸಿಲಿಗೆ. ಸಂಜೆ ಹೋದರೆ ಗೋಪುರದ ಕಪ್ಪು ಆಕಾರ ಮಾತ್ರ. ಅದೂ ಚೆನ್ನಾಗಿರುತ್ತದೆ, ಆದರೆ ಅದಕ್ಕೆ ತಾ ತಿಯನ್ ದಡದಲ್ಲಿ ನಿಂತರೆ ಸಾಕು. ಹತ್ತಿರ ಹೋಗಬೇಕಾದರೆ ಅಲ್ಲಿಂದಲೇ ಎದುರು ದಡಕ್ಕೆ ಚಿಕ್ಕ ಫೆರ್ರಿ ಇದೆ, ಚಿಲ್ಲರೆ ಕಾಸು.

ಹತ್ತಿ ಇಳಿಯುವುದು ಹಿಂಬದಿಯಿಂದ. ಅಲ್ಲಿ ನಿಂತ ಹುಡುಗ ಬಾಯಲ್ಲಿ ಸೀಟಿ ಕಚ್ಚಿಕೊಂಡೇ ಇರುತ್ತಾನೆ. ಮುಂದೆ ಕೂತ ಚಾಲಕನಿಗೆ ಹಿಂದೆ ಏನಾಗುತ್ತಿದೆ ಅಂತ ಕಾಣುವುದಿಲ್ಲ, ಅಲ್ವಾ? ಮುಂದೆ, ಹಿಂದೆ, ನಿಲ್ಲಿಸು, ಹೊರಡು ಎಲ್ಲ ಸೀಟಿಯಲ್ಲೇ. ನಮ್ಮ ಬಸ್ ಕಂಡಕ್ಟರ್ ಮಾಡುವ ಕೆಲಸವೇ, ಸೀಟಿಯ ರಾಗ ಮಾತ್ರ ಹತ್ತು ಬಗೆ. ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ಹಿಡಿದಿರುವಷ್ಟು ಹೊತ್ತೇ ಬೋಟ್ ನಿಲ್ಲುವುದು. ನಿಮ್ಮ ಜೆಟ್ಟಿ ಬರುವ ಮೊದಲೇ ಎದ್ದು ಹಿಂದೆ ಬನ್ನಿ. ಇಳಿಯುವವರು ಇಳಿದ ಮೇಲೆ ಹತ್ತಿ, ಹತ್ತುವಾಗ ಫೋನ್ ಜೇಬಿನಲ್ಲಿರಲಿ. ತೇಲುವ ಕಟ್ಟೆಯೂ ಅಲುಗಾಡುತ್ತದೆ, ಬೋಟೂ ಅಲುಗಾಡುತ್ತದೆ. ಅಂಚಿನಲ್ಲಿ ಕೂತರೆ ಸಾಲು ಬಾರ್ಜ್ (ಸರಕಿನ ದೋಣಿ) ಎಳೆದುಕೊಂಡು ಹೋಗುವ ಟಗ್ ಬೋಟ್ ಎದುರಾದಾಗ ಒಂದು ಸಲ ಮುಖಕ್ಕೆ ನೀರು ಗ್ಯಾರಂಟಿ.

ಜೆಟ್ಟಿಯಲ್ಲಿ ಟಿಕೆಟ್ ತೆಗೆದುಕೊಳ್ಳದೆ ಹತ್ತಿದವರ ಹತ್ತಿರ ಕಂಡಕ್ಟರಮ್ಮ ಬರುತ್ತಾರೆ. ಕೈಯಲ್ಲಿ ಉದ್ದನೆಯ ತಗಡಿನ ಡಬ್ಬ. ಅದರೊಳಗೇ ಟಿಕೆಟ್ ಸುರುಳಿ, ಅದರೊಳಗೇ ಚಿಲ್ಲರೆ. ಝಣ್ ಝಣ್ ಅಂತ ಅಲ್ಲಾಡಿಸಿ, ಮುಚ್ಚಳದ ಅಂಚಿಗೆ ಸಿಕ್ಕಿಸಿ ಟಿಕೆಟ್ ಹರಿಯುತ್ತಾರೆ. ಸಾವಿರದ ನೋಟು ಚಾಚಿದರೆ ಮುಖ ನೋಡುತ್ತಾರೆ ಅಷ್ಟೇ. ಬೋಟ್‌ನ ಹಿಂಬದಿಯಲ್ಲಿ ಬೌದ್ಧ ಭಿಕ್ಷುಗಳಿಗೆ ಮೀಸಲಾದ ಜಾಗವಿದೆ, ಅಲ್ಲಿ ನಿಲ್ಲಬೇಡಿ. ಹೆಂಗಸರು ಅವರಿಗೆ ಮೈ ತಾಗದಂತೆ ನಿಲ್ಲಬೇಕು, ಇಲ್ಲಿ ಅದು ದೊಡ್ಡ ವಿಷಯ.

ಅರಮನೆಗೆ ಹೋಗುವವರು ತೋಳು, ಮಂಡಿ ಮುಚ್ಚುವ ಬಟ್ಟೆ ಹಾಕಿ. ಮಧ್ಯಾಹ್ನ ಮೂರೂವರೆ ಮೇಲೆ ಒಳಗೆ ಬಿಡುವುದಿಲ್ಲ. ದಾರಿಯಲ್ಲಿ ಯಾರಾದರೂ "ಇವತ್ತು ಅರಮನೆ ರಜಾ, ನನ್ನ ಟುಕ್‌ಟುಕ್ ಹತ್ತಿ" ಅಂದರೆ ನಕ್ಕು ಮುಂದೆ ನಡೆಯಿರಿ. ಕಿತ್ತಳೆ ಬೋಟ್ ಕತ್ತಲಾದ ಮೇಲೆ ಜಾಸ್ತಿ ಹೊತ್ತು ಓಡುವುದಿಲ್ಲ. ತಪ್ಪಿಹೋದರೆ ಗಾಬರಿ ಬೇಡ. ವಾಟ್ ಪೋ ಕಡೆಯಿಂದ ನಡೆದು ಹೋಗುವಷ್ಟು ದೂರದಲ್ಲೇ 2019ರಲ್ಲಿ ಶುರುವಾದ ಸನಾಮ್ ಚಾಯ್ ಮೆಟ್ರೋ ನಿಲ್ದಾಣವಿದೆ.