ಜಿಸಿಸಿ ಅರ್ಧದಲ್ಲೇ ನಿಂತಾಗ

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲಿರುವ ಹಳೆಯ ಡೆಸ್ಕ್‌ಟಾಪ್‌ನಲ್ಲಿ ನಾನು ಜೆಂಟೂ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಬಳಸುತ್ತೇನೆ. ಇದರಲ್ಲಿ ಬಹುತೇಕ ತಂತ್ರಾಂಶಗಳನ್ನು ಸೋರ್ಸ್ ಕೋಡ್‌ನಿಂದ ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿಕೊಳ್ಳುತ್ತೇವೆ, ಅಂದರೆ ಬರೆದ ಕೋಡನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತಿರುಗಿಸಿಕೊಳ್ಳುತ್ತೇವೆ. ಆ ಕೆಲಸ ಮಾಡುವ ಕಂಪೈಲರ್ ಆದ ಜಿಸಿಸಿಯನ್ನೂ ಹಾಗೆಯೇ. ಕಳೆದ ಬೇಸಿಗೆಯಲ್ಲಿ ಜಿಸಿಸಿಯ ಹೊಸ ಆವೃತ್ತಿ ಹಾಕಿಕೊಳ್ಳಲು ಹೋದಾಗ ಅದು ಅರ್ಧದಲ್ಲೇ ನಿಂತಿತು.

ಪರದೆಯ ಕೊನೆಯ ಸಾಲಿನಲ್ಲಿ 'ಎರರ್ 2' ಎಂದಷ್ಟೇ ಇತ್ತು. ಅದು, ಕಂಪೈಲ್ ಕೆಲಸಗಳನ್ನು ನಡೆಸುವ 'ಮೇಕ್' ಎಂಬ ತಂತ್ರಾಂಶ ಸೋತಿತೆಂದು ಹೇಳುತ್ತದೆಯೇ ಹೊರತು ಏಕೆ ಸೋತಿತೆಂದು ಹೇಳುವುದಿಲ್ಲ. ಎಂಟು ಕೆಲಸಗಳು ಏಕಕಾಲಕ್ಕೆ ನಡೆಯುತ್ತಿದ್ದರೆ, ಒಂದು ಕೆಟ್ಟ ಮೇಲೂ ಉಳಿದವು ತಮ್ಮ ಸಾಲುಗಳನ್ನು ಬರೆಯುತ್ತಲೇ ಇರುವುದರಿಂದ ನಿಜವಾದ ಕಾರಣ ಬಹಳ ಮೇಲೆ ಹೂತುಹೋಗಿರುತ್ತದೆ. ಕಂಪೈಲ್ ನಡೆದ ದಾಖಲೆಯಾದ ಬಿಲ್ಡ್ ಲಾಗ್ ತೆರೆದು ಕೆಳಗಿನಿಂದ ಮೇಲಕ್ಕೆ ಹುಡುಕುತ್ತ ಹೋದಾಗ 'ಕಿಲ್ಡ್' ಎಂಬ ಪದ ಸಿಕ್ಕಿತು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸಂದೇಶಗಳನ್ನು ನೋಡಿದರೆ, ಮೆಮೊರಿ ಸಾಲದೆ ಕರ್ನಲ್ಲೇ ಕಂಪೈಲರನ್ನು ಕೊಂದುಹಾಕಿತ್ತು. ಒಂದು ಕೆಲಸಕ್ಕೆ ಸುಮಾರು 2 ಜಿಬಿ ರ‍್ಯಾಮ್ ಬೇಕೆಂಬುದು ಜೆಂಟೂ ಬಳಕೆದಾರರ ಲೆಕ್ಕ. ನನ್ನಲ್ಲಿದ್ದದ್ದು ಒಟ್ಟು 8 ಜಿಬಿ. ಸಾಲದ್ದಕ್ಕೆ ಕಂಪೈಲ್ ನಡೆಯುವ ಡೈರೆಕ್ಟರಿಯನ್ನೂ ರ‍್ಯಾಮ್‌ನಲ್ಲೇ ಇಟ್ಟಿದ್ದೆ. ಅದನ್ನು ಡಿಸ್ಕ್‌ಗೆ ಸಾಗಿಸಿ, ಜಿಸಿಸಿಗೆ ಮಾತ್ರ ಮೂರೇ ಕೆಲಸಗಳೆಂದು ನಿಗದಿ ಮಾಡಿದೆ.

ಮರುದಿನ ಬೇರೆಯೇ ತೊಂದರೆ: 'ಸೆಗ್ಮೆಂಟೇಷನ್ ಫಾಲ್ಟ್', ಅಂದರೆ ತನಗೆ ಸೇರದ ಮೆಮೊರಿಯನ್ನು ಮುಟ್ಟಿದ್ದಕ್ಕೆ ತಂತ್ರಾಂಶ ನಿಂತುಹೋಗುವ ದೋಷ. ಮತ್ತೆ ನಡೆಸಿದೆ; ಅದೇ ದೋಷ, ಆದರೆ ಇನ್ನೊಂದು ಕಡತದಲ್ಲಿ. ಮೂರನೆಯ ಸಲ ಮತ್ತೊಂದರಲ್ಲಿ. ಇಲ್ಲಿಯೇ ನಾನು ಕೈ ತಡೆದು ಯೋಚಿಸಿದೆ. ದೋಷ ಕೋಡ್‌ನಲ್ಲಿದ್ದರೆ ಸಾಮಾನ್ಯವಾಗಿ ಪ್ರತಿ ಸಲವೂ ಅದೇ ಜಾಗದಲ್ಲಿ ಮುಗ್ಗರಿಸಬೇಕು. ಜಾಗ ಬದಲಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಯಂತ್ರವನ್ನು. ರಾತ್ರಿ ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಹಾಕಿ ಮಲಗಿದೆ. ಬೆಳಿಗ್ಗೆ ಪರದೆಯ ಕೆಳಭಾಗವೆಲ್ಲ ಕೆಂಪು ಸಾಲುಗಳು. 4 ಜಿಬಿಯ ಎರಡು ಮೆಮೊರಿ ಸ್ಟಿಕ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಒಂದು ಮಾತ್ರ ಕೆಟ್ಟಿರುವುದು ಗೊತ್ತಾಯಿತು. ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ನೋಡಿದರೂ ಫಲವಿಲ್ಲದೆ ತೆಗೆದಿಟ್ಟೆ.

ಉಳಿದ 4 ಜಿಬಿಯಲ್ಲಿ ಎರಡೇ ಕೆಲಸಗಳೊಂದಿಗೆ ಜಿಸಿಸಿ ನಿಧಾನವಾಗಿ ಸಾಗಿತು. ಹಳೆಯ ಕಂಪೈಲರ್ ಹೊಸದನ್ನು ಕಟ್ಟುತ್ತದೆ, ಆ ಹೊಸದು ತನ್ನನ್ನು ತಾನೇ ಮತ್ತೆರಡು ಸಲ ಕಟ್ಟಿಕೊಳ್ಳುತ್ತದೆ. ಎರಡನೆಯ ಮತ್ತು ಮೂರನೆಯ ಹಂತದ ಕಡತಗಳು ಹೊಂದಿಕೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸಮಯ ಉಳಿಸಲೆಂದು ಈ ಹೋಲಿಕೆಯನ್ನು ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ.

ನಿಂತುಹೋದ ಜಿಸಿಸಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು, ಕೆಟ್ಟ ಸ್ಟಿಕ್ ಇದ್ದಾಗಲೂ ನಿಲ್ಲದೆ ಮುಗಿದಿದ್ದ ಪ್ಯಾಕೇಜುಗಳು. ಅವುಗಳೊಳಗೆ ಯಾವ ತಪ್ಪು ಸೇರಿದೆಯೋ ಹೇಳಲಾಗದು. ಮಂಡ್ಯದ ಗೆಳೆಯನಿಂದ ಒಳ್ಳೆಯ ಸ್ಟಿಕ್ ಒಂದನ್ನು ತಂದು, ಅದನ್ನೂ ರಾತ್ರಿಯಿಡೀ ಪರೀಕ್ಷಿಸಿ, ಪ್ಯಾಕೇಜುಗಳನ್ನು ಹಾಕಿಕೊಂಡ ದಾಖಲೆಯಾದ ಎಮರ್ಜ್ ಲಾಗ್‌ನಲ್ಲಿ ಹಿಂದಿನ ಎರಡು ತಿಂಗಳ ದಿನಾಂಕಗಳನ್ನು ನೋಡುತ್ತ, ಆ ಅವಧಿಯ ಪ್ಯಾಕೇಜುಗಳೆಲ್ಲವನ್ನೂ ಮತ್ತೆ ಕಂಪೈಲ್ ಮಾಡಿದೆ.