ಸಿಟ್ಟಿನ ಲೆಕ್ಕ ಬರೆದು ವಿಗ್ರಹ ಹಿಡಿದದ್ದು

"ಇದು ಬರೀ ನಿಯಮ ಆಯ್ತಲ್ಲ, ಕೃಪೆ ಎಲ್ಲಿ ಹೋಯ್ತು?" ಅಂತ ನಮ್ಮ ಪ್ರಾರ್ಥನಾ ಗುಂಪಿನ ಹಿರಿಯರೊಬ್ಬರು ನನ್ನ ಸಿಟ್ಟಿನ ಲೆಕ್ಕದ ನೋಟ್‌ಬುಕ್ ನೋಡಿ ನಕ್ಕಿದ್ದರು. ಈಗ ಅವರೂ ಒಂದು ಇಟ್ಟುಕೊಂಡಿದ್ದಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ವಿಗ್ರಹಾರಾಧನೆ ಅಂದರೆ ಬೈಬಲಿನ ಹತ್ತು ಆಜ್ಞೆ, ಚಿನ್ನದ ಕರು ಎಲ್ಲ ನಿಮಗೆ ಗೊತ್ತಿರುವುದೇ. ನಮ್ಮಂಥವರ ತೊಂದರೆ ಯೆಹೆಜ್ಕೇಲನ ಪುಸ್ತಕದ 14ನೇ ಅಧ್ಯಾಯದ್ದು. ಹೃದಯದೊಳಗೆ ವಿಗ್ರಹ, ಅಂದರೆ ದೇವರ ಜಾಗ ಹಿಡಿದದ್ದನ್ನು, ಇಟ್ಟುಕೊಂಡೇ ಪ್ರವಾದಿಯ ಮುಂದೆ ಬಂದು ಕೂತರಲ್ಲ, ಅವರ ಕಥೆ. (ಅವರೂ ಹಿರಿಯರೇ, ಇರಲಿ.)

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಈಸ್ಟರ್‌ಗೆ ಮುಂಚಿನ ಶ್ರಮದಿನಗಳ ನಲವತ್ತು ದಿನ ಫೋನ್ ಉಪವಾಸ. ಈಸ್ಟರ್ ಮುಗಿದ ವಾರವೇ ಬಡ್ಡಿ ಸಮೇತ ವಸೂಲಿ ಆಯ್ತು. ಆಮೇಲೆ 'ದೇವರಿಗಿಂತ ಹೆಚ್ಚು ಏನನ್ನು ಪ್ರೀತಿಸುತ್ತೇನೆ' ಅಂತ ಪಟ್ಟಿ ಮಾಡಲು ಕೂತೆ. ಹಾಗೆ ಕೇಳಿಕೊಂಡರೆ ಯಾರು ನಿಜ ಬರೀತಾರೆ ಹೇಳಿ. ಮೂರನೆಯದಕ್ಕೆ ದುಡ್ಡೂ ಹೋಯ್ತು. ಆಸೆಪಟ್ಟು ಕೊಂಡಿದ್ದ ಕ್ಯಾಮೆರಾ ಮಾರಿದೆ, ಕೊಂಡ ಬೆಲೆಯ ಅರ್ಧವೂ ಬರಲಿಲ್ಲ, ಬಂದದ್ದನ್ನು ಕಾಣಿಕೆಗೆ ಹಾಕಿದೆ, ಮುಂದಿನ ಮೂರ್ನಾಲ್ಕು ತಿಂಗಳು ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದೆ. ಒಳಗೇನೂ ಬದಲಾಗಲಿಲ್ಲ.

ಕೆಲಸಕ್ಕೆ ಬಂದದ್ದು ಸಿಟ್ಟಿನ ಲೆಕ್ಕ. ಶನಿವಾರ ರಾತ್ರಿ ಮೂರೇ ವಿಷಯ ಬರೆಯುತ್ತೇನೆ. ಈ ವಾರ ಎಲ್ಲಿ ಅಳತೆ ಮೀರಿ ರೇಗಿದೆ, ಬೆಳಿಗ್ಗೆ ಎದ್ದಕೂಡಲೇ ತಲೆಗೆ ಬಂದದ್ದೇನು, ಯೋಚಿಸದೆ ದುಡ್ಡು ಎಲ್ಲಿ ಖರ್ಚಾಯ್ತು. ಒಂದು ಸಾಲು ಹೀಗಿದೆ: 'ಮಂಗಳವಾರ. ಷೇರು ಬಿತ್ತು. ಮಗಳು ನೀರು ಚೆಲ್ಲಿದಳು, ಕೂಗಾಡಿದೆ.' ಚೆಲ್ಲಿದ್ದು ಒಂದು ಲೋಟ ನೀರು ಅಷ್ಟೇ. ಎರಡು ತಿಂಗಳ ಪುಟ ಒಟ್ಟಿಗೆ ಓದಿದಾಗ ಗೊತ್ತಾಯ್ತು, ಕ್ಯಾಮೆರಾ ಪಾಪ ಏನೂ ಮಾಡಿರಲಿಲ್ಲ, ನನ್ನನ್ನು ಆಳುತ್ತಿದ್ದದ್ದು ಉಳಿತಾಯದ ಮೊತ್ತ. ಲೋಭ ಅಂದರೆ ವಿಗ್ರಹಾರಾಧನೆ ಅಂತ ಕೊಲೊಸ್ಸೆ 3:5ರಲ್ಲಿ ಎಷ್ಟು ಸಲ ಓದಿದ್ದೆನೋ!

ಆಮೇಲೆ ಮಾಡಿದ್ದು ಇಷ್ಟು. ಸಂಬಳ ಬಂದ ದಿನ, ಬ್ಯಾಲೆನ್ಸ್ ನೋಡುವ ಮುಂಚೆಯೇ ಕೊಡುವ ಪಾಲು ಹೋಗುತ್ತದೆ. ಬ್ಯಾಲೆನ್ಸ್ ನೋಡುವುದು ತಿಂಗಳಿಗೆ ಒಂದೇ ಸಲ. ಶುರುವಿನಲ್ಲಿ ಹತ್ತರಲ್ಲಿ ಒಂದು ಪಾಲು ಇತ್ತು, ಈಗ ಸ್ವಲ್ಪ ಜಾಸ್ತಿನೇ. ಮೊದಲ ತಿಂಗಳಲ್ಲೇ ಗಾಡಿ ಕೆಟ್ಟು ತಮ್ಮನ ಹತ್ತಿರ ಸಾಲ ಮಾಡಬೇಕಾಯ್ತು. "ಬೇಕಿತ್ತಾ ಇದು?" ಅಂದ. ಸಾಲ ತೀರಲು ಆರು ತಿಂಗಳ ಹತ್ತಿರ ಹಿಡಿಯಿತು, ಆದರೂ ಪಾಲು ನಿಲ್ಲಿಸಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ದುಡ್ಡಿನ ವಿಷಯಕ್ಕೆ ರೇಗಿದ ಸಾಲುಗಳು ಕಾಲು ಭಾಗಕ್ಕೆ ಇಳಿದಿದ್ದವು. ಇದನ್ನು ಮಾತ್ರ ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ದುಡ್ಡು ಇಳಿದ ಮೇಲೆ ಇನ್ನೊಂದು ತಲೆ ಎತ್ತಿತು. ಆರಾಧನೆಯಲ್ಲಿ ಹಾಡು ನಡೆಸಲು ನನ್ನ ಬದಲು ಬೇರೆಯವರನ್ನು ಕರೆದ ವಾರಗಳಲ್ಲೆಲ್ಲ ಪುಟ ತುಂಬಿರುತ್ತಿತ್ತು! ಸೇವೆಯೇ ವಿಗ್ರಹ ಆಗುತ್ತದೆ ಅಂದರೆ ನಂಬದವರು ನ್ಯಾಯಸ್ಥಾಪಕರು 8 ಓದಲಿ. ಕರ್ತನೇ ನಿಮ್ಮನ್ನು ಆಳುವನು ಅಂತ ಹೇಳಿ ರಾಜ್ಯ ಬೇಡ ಅಂದ ಇಸ್ರಾಯೇಲಿನ ನಾಯಕ ಗಿದ್ಯೋನ, ಆ ಮಾತಿನ ಹಿಂದೆಯೇ ಜನರಿಂದ ಕಿವಿಯ ಓಲೆಗಳನ್ನು ಕೇಳಿ ತೆಗೆದುಕೊಂಡ. 1,700 ಶೆಕೆಲ್ ತೂಕದ ಚಿನ್ನ. ಅದರಲ್ಲಿ ಏಫೋದು (ಯಾಜಕರ ಮೇಲುಡುಪು) ಮಾಡಿಸಿ ಊರಲ್ಲಿಟ್ಟ. ಇಸ್ರಾಯೇಲೆಲ್ಲ ಅದರ ಹಿಂದೆ ಹೋಯಿತು, ಅವನ ಮನೆಗೂ ಅದೇ ಉರುಲು. ಮೋಶೆ ದೇವರ ಮಾತಿನಂತೆ ಮಾಡಿದ ತಾಮ್ರದ ಸರ್ಪಕ್ಕೂ ಜನ ಧೂಪ ಹಾಕತೊಡಗಿದ್ದರು, ಕೊನೆಗೆ ರಾಜ ಹಿಜ್ಕೀಯ ಅದನ್ನು ಒಡೆದು ಹಾಕಬೇಕಾಯ್ತು. ನನ್ನ ದನಿಯನ್ನು ಒಡೆಯಲು ಆಗುವುದಿಲ್ಲವಲ್ಲ. ಆರು ತಿಂಗಳು ಹಾಡು ನಡೆಸುವುದನ್ನು ಹುಡುಗರಿಗೆ ಬಿಟ್ಟು ಹಿಂದಿನ ಸಾಲಿನಲ್ಲಿ ಕೂತೆ. ಅವರು ಶ್ರುತಿ ತಪ್ಪಿದಾಗ ಮುಖ ಗಂಟಿಕ್ಕುವುದು ನಿಲ್ಲಲು ನಾಲ್ಕು ತಿಂಗಳು ಬೇಕಾಯ್ತು.

ನಡುವೆ ಸುಮ್ನೆ ಒಂದೆರಡು ಬೇರೆ ಪ್ರಯೋಗ ಮಾಡಿದೆ. ಭಾನುವಾರ ಫೋನ್ ಕಪಾಟಿನಲ್ಲಿಟ್ಟೆ, ಮಧ್ಯಾಹ್ನದ ಮೇಲೆ ಕಣ್ಣೆಲ್ಲ ಕಪಾಟಿನ ಕಡೆಗೇ. ಲೆಕ್ಕ ದಿನಾ ಬರೆದು ನೋಡಿದೆ, ಆಗ ನೋಟ್‌ಬುಕ್ಕೇ ದೊಡ್ಡದಾಯ್ತು. ವಾರಕ್ಕೊಮ್ಮೆ ಸಾಕು.

ತಿಂಗಳ ಕೊನೆಗೆ ಮಾಡುವ ಇನ್ನೊಂದು ಕೆಲಸ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದ ಜಾತಿಯದು, ಮತ್ತಾಯ 6:3 ನೋಡಿ.

ನೋಟ್‌ಬುಕ್ ಹೆಂಡತಿಗೂ ಕೊಡಿ. ನಾನು ಮರೆತ ಸಿಟ್ಟುಗಳನ್ನೆಲ್ಲ ನನ್ನವಳು ತಾರೀಕು ಸಮೇತ ತುಂಬಿಸಿದ್ದಾಳೆ. ಈಚೆಗೆ ಅವಳು ಬರೆದ ಸಾಲುಗಳಲ್ಲಿ ಮಗಳ ಪರೀಕ್ಷೆಯ ಅಂಕಗಳೇ ಜಾಸ್ತಿ. ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ನಿಮ್ಮಲ್ಲಿ ಯಾರಾದರೂ ಮಾಡಿ ನೋಡಿದ್ದಿದ್ದರೆ ಹೇಳಿ.